ಐದು ಸೂತಕ, ಒಂದು ವಾರ್ಡು

ಜನನ, ಮರಣ, ರಜಸ್ಸು, ಎಂಜಲು, ಜಾತಿ. ಲಿಂಗ ಕಟ್ಟಿಕೊಂಡವರಿಗೆ ಈ ಐದರ ಸೂತಕ ಇಲ್ಲ ಅಂತ ಹೈಸ್ಕೂಲಿನಲ್ಲಿದ್ದಾಗ ಬಸವ ಜಯಂತಿಯ ವೇದಿಕೆ ಮೇಲೆ ನಿಂತು ಗಟ್ಟಿಯಾಗಿ ಹೇಳಿದ್ದೆ. ಚಪ್ಪಾಳೆಯೂ ಬಿತ್ತು. ಆದರೆ ನಮ್ಮದೇ ಮನೆಯಲ್ಲಿ ಮುಟ್ಟಾದ ದಿನ ದೇವರ ಜಗಲಿಯ ಹತ್ತಿರ ಸುಳಿಯುವಂತಿರಲಿಲ್ಲ. ಮಣ್ಣಿಗೆ ಹೋಗಿ ಬಂದವರು ತಲೆಯ ಮೇಲೆ ನೀರು ಸುರಿದುಕೊಳ್ಳದೆ ಹೊಸ್ತಿಲು ದಾಟುತ್ತಿರಲಿಲ್ಲ. ಹೆಂಡಿಕಸ, ಅಂದರೆ ದನಗಳ ಸೆಗಣಿ, ತೆಗೆಯಲು ಬರುತ್ತಿದ್ದ ಹೆಂಗಸು ಅಂಗಳದ ಆಚೆ ಕೂತು ಬೊಗಸೆ ಒಡ್ಡುತ್ತಿದ್ದಳು. ನಮ್ಮ ಆಯಿ, ಅಂದರೆ ಅಜ್ಜಿ, ತಂಬಿಗೆಯನ್ನು ಮೇಲೆತ್ತಿ ಹಿಡಿದು ನೀರು ಹೊಯ್ಯುತ್ತಿದ್ದಳು. ಭಾಷಣ ಒಂದು ಕಡೆ, ಬದುಕು ಇನ್ನೊಂದು ಕಡೆ ಇತ್ತು. ಊರಿನ ಎಲ್ಲ ಮನೆಗಳಲ್ಲೂ ಹಾಗೇ ಇದ್ದುದರಿಂದ ಅದು ಯಾರ ಕಣ್ಣಿಗೂ ಚುಚ್ಚುತ್ತಿರಲಿಲ್ಲ. 2018ರಲ್ಲಿ ಲಿಂಗಾಯತ ಪ್ರತ್ಯೇಕ ಧರ್ಮವೋ ಅಲ್ಲವೋ ಅನ್ನುವ ಗದ್ದಲ ಎದ್ದಾಗ ನಾನು ಹತ್ತನೆಯ ತರಗತಿ. ನಮ್ಮ ಓಣಿಯ ಕಟ್ಟೆಯ ಮೇಲೆ ದಿನವಿಡೀ ಅದೇ ಚರ್ಚೆ. ಆ ಚರ್ಚೆಯಲ್ಲಿ ಸೂತಕದ ಮಾತು ಮಾತ್ರ ಒಮ್ಮೆಯೂ ಬಂದದ್ದು ನನಗೆ ನೆನಪಿಲ್ಲ.

ನರ್ಸಿಂಗ್ ಓದುತ್ತೇನೆ ಅಂದಾಗ ದೊಡ್ಡಪ್ಪ ಕೇಳಿದ್ದು ಒಂದೇ ಪ್ರಶ್ನೆ: "ನಮ್ಮ ಮನಿತನದಾಗ ಯಾರರ ಮಂದಿ ಹೇಲು ಉಚ್ಚಿ ಬಳದಾರೇನು?" ಅವರ ಕೊರಳಲ್ಲಿ ಲಿಂಗ ಇಡುವ ಬೆಳ್ಳಿಯ ಕರಡಿಗೆ ಇತ್ತು, ಹಣೆ ತುಂಬ ವಿಭೂತಿ ಇತ್ತು. ನಮ್ಮಲ್ಲಿ ನರ್ಸ್ ಅಂದರೆ ಕೇರಳದ ಕ್ರಿಶ್ಚಿಯನ್ ಹುಡುಗಿ ಅನ್ನುವ ಚಿತ್ರ ಬಹುಕಾಲ ಉಳಿಯಲು ಮಿಶನ್ ಆಸ್ಪತ್ರೆಗಳು ಒಂದು ಕಾರಣ. ಮೇಲ್ಜಾತಿಯ ಮನೆಗಳು ಆ ಕೆಲಸವನ್ನು ಮೈಲಿಗೆ ಎಂದು ದೂರ ಇಟ್ಟದ್ದು ಅದಕ್ಕಿಂತ ದೊಡ್ಡ ಕಾರಣ ಅಂತ ನನಗನ್ನಿಸುತ್ತದೆ. ಹುಟ್ಟು, ಸಾವು, ರಕ್ತ, ಬಾಯಿ, ಮುಟ್ಟುವ ಕೈ. ಒಬ್ಬ ನರ್ಸಿನ ದಿನವೆಲ್ಲ ಇವೇ ಐದರಲ್ಲಿ ಕಳೆಯುತ್ತದೆ. ದೊಡ್ಡಪ್ಪನ ಪ್ರಶ್ನೆಗೆ ಆಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಇಂಗ್ಲೆಂಡಿನ ಮಧ್ಯಭಾಗದ ಒಂದು ಊರಿನಲ್ಲಿ ಮೂರು ವರ್ಷದ ನರ್ಸಿಂಗ್ ಪದವಿ ಮುಗಿಸುವ ಹೊತ್ತಿಗೆ ಉತ್ತರದ ಒಂದಿಷ್ಟು ಭಾಗವಾದರೂ ಸಿಕ್ಕಿದೆ ಅನ್ನಿಸಿ ಇದನ್ನು ಬರೆಯುತ್ತಿದ್ದೇನೆ.

ಕೊರಳಿನಿಂದ ಒಳಜೇಬಿಗೆ

ಮೊದಲ ಪ್ಲೇಸ್‌ಮೆಂಟಿಗೆ, ಅಂದರೆ ಆಸ್ಪತ್ರೆಯ ಪ್ರಾಯೋಗಿಕ ತರಬೇತಿಗೆ, ಮುಂಚೆ ಯೂನಿಫಾರಂ ನಿಯಮ ಓದಿ ಹೇಳಿದರು. ಮೊಣಕೈ ಕೆಳಗೆ ಏನೂ ಇರಕೂಡದು. ವಾಚು ಇಲ್ಲ, ಬಳೆ ಇಲ್ಲ, ಹರಳಿಲ್ಲದ ಒಂದು ಉಂಗುರ ಇದ್ದರೆ ಇರಲಿ. ಕೊರಳಿಗೆ ಸರ ಬೇಡ. ಗುರುತಿನ ಚೀಟಿಯ ಲ್ಯಾನ್ಯಾರ್ಡ್ ಕೂಡ ಜಗ್ಗಿದರೆ ಬಿಚ್ಚಿಕೊಳ್ಳುವಂಥದ್ದೇ ಆಗಿರಬೇಕು, ಏಕೆಂದರೆ ಗೊಂದಲದಲ್ಲಿರುವ ರೋಗಿ ಹಿಡಿದೆಳೆದರೆ ನರ್ಸಿನ ಕತ್ತಿಗೆ ಅಪಾಯ. ಲಿಂಗ ಕಟ್ಟಿಕೊಂಡ ನನ್ನ ಶಿವದಾರ ಜಗ್ಗಿದರೆ ಬಿಚ್ಚಿಕೊಳ್ಳುವುದಿಲ್ಲ. ಬಿಚ್ಚಿಕೊಳ್ಳಬಾರದು ಅಂತಲೇ ಅದನ್ನು ಕಟ್ಟುವುದು. ಲಿಂಗ ಮೈಮೇಲಿಂದ ಇಳಿಯಬಾರದು ಅನ್ನುವುದು ತೊಟ್ಟಿಲಲ್ಲಿ ಕಟ್ಟಿಸಿಕೊಂಡ ದಿನದಿಂದ ಬಂದ ಮಾತು. ರಾತ್ರಿ ಊರಿಗೆ ಫೋನ್ ಮಾಡಿದೆ. ಅವ್ವ ಗಾಬರಿಯಾದಳು. ಆಯಿ ಫೋನ್ ಕಸಿದುಕೊಂಡು, "ಒಳಗಿನ ಅಂಗಿಗೆ ಎಡಗಡಿ ಒಂದು ಕಿಸೆ ಹೊಲಕೊಳ್ಳವಾ. ಅರಿವ್ಯಾಗ ಸುತ್ತಿ ಅದರಾಗ ಇಟ್ಟು ಪಿನ್ ಹಾಕು. ಎದಿಗಿ ಹತ್ತಿದ್ರ ಆತಲ್ಲ, ದಾರಕ್ಕೇನೈತಿ?" ಅಂದಳು. ಎಂದೂ ಶಾಲೆಯ ಮೆಟ್ಟಿಲು ಹತ್ತದವಳು, ನಾನು ಇಡೀ ದಿನ ತಲೆ ಕೆಡಿಸಿಕೊಂಡಿದ್ದನ್ನು ಮೂರು ಮಾತಿನಲ್ಲಿ ಬಗೆಹರಿಸಿದಳು. ವಾರ್ಡಿನ ಮೇಲ್ವಿಚಾರಕಿಗೆ ವಿಷಯ ತಿಳಿಸಿದೆ. ಹೊರಗೆ ಕಾಣದೆ, ರೋಗಿಗೆ ತಗಲದೆ ಇದ್ದರೆ ತಮ್ಮ ಅಡ್ಡಿ ಇಲ್ಲ ಅಂದರು. ಅಂದಿನಿಂದ ಲಿಂಗ ಕಿಸೆಯಲ್ಲೇ ಇದೆ.

ಇಲ್ಲಿಯ ಹಣದ ಕಷ್ಟ, ಒಂಟಿತನ, ನಾಲ್ಕು ಗಂಟೆಗೇ ಕತ್ತಲಾಗುವ ಡಿಸೆಂಬರು, ಇವುಗಳ ಬಗ್ಗೆ ಸಾಕಷ್ಟು ಮಂದಿ ಬರೆದಿದ್ದಾರೆ. ಹೊರದೇಶದ ವಿದ್ಯಾರ್ಥಿಗೆ ಫೀಸು ಹೆಚ್ಚು, ವೀಸಾದ ಜೊತೆ ವರ್ಷಕ್ಕೆ 776 ಪೌಂಡ್ ಆರೋಗ್ಯ ಶುಲ್ಕ, ತರಗತಿ ನಡೆಯುವ ದಿನಗಳಲ್ಲಿ ವಾರಕ್ಕೆ 20 ಗಂಟೆ ಮಾತ್ರ ದುಡಿಯಬಹುದು. ಪದವಿಗೆ ಬೇಕಾದ 4600 ಗಂಟೆಗಳಲ್ಲಿ ಅರ್ಧ, ಅಂದರೆ 2300 ಗಂಟೆ ವಾರ್ಡು ಮೊದಲಾದ ಕಡೆ ಪ್ರಾಯೋಗಿಕ ತರಬೇತಿಯಲ್ಲೇ ಕಳೆಯಬೇಕು. ಅದಕ್ಕೆ ಸಂಬಳ ಇಲ್ಲ. ವಾರದ ಕೊನೆಗೆ ಒಂದು ಕೇರ್ ಹೋಮಿನಲ್ಲಿ ದುಡಿದು ಬಾಡಿಗೆ ಕಟ್ಟಿದೆ. ಅಪ್ಪ ಬ್ಯಾಂಕಿನ ಸಾಲ ತೀರಿಸುತ್ತಿದ್ದಾನೆ. ಇದೆಲ್ಲ ಭಾರವೇ. ಆದರೆ ನನ್ನೊಳಗೆ ನಿಜವಾಗಿ ಏನಾದರೂ ಬದಲಾಗಿದ್ದರೆ ಅದು ವಾರ್ಡಿನ ಪರದೆಯ ಹಿಂದೆ ಬದಲಾಯಿತು.

ತೀರಿಕೊಂಡವರ ಜೊತೆ ಮಾತು

ಎರಡನೆಯ ವರ್ಷದ ಚಳಿಗಾಲ, ವಯಸ್ಸಾದವರ ವಾರ್ಡು, ರಾತ್ರಿ ಪಾಳಿ. ಹಲವು ದಿನದಿಂದ ಇಳಿಯುತ್ತ ಬಂದಿದ್ದ ಅಜ್ಜಿಯೊಬ್ಬರು ನಸುಕಿಗೆ ಮುಂಚೆ ತೀರಿಕೊಂಡರು. ಮಗಳು ಬಂದು, ಕೂತು, ಅತ್ತು, ಹೋದಳು. ಡಾಕ್ಟರ್ ಸಾವನ್ನು ಖಚಿತಪಡಿಸಿದ್ದಾಗಿತ್ತು. ಆ ರಾತ್ರಿಯ ಹಿರಿಯ ಸಿಸ್ಟರ್ ಘಾನಾ ದೇಶದವರು, ಭಾನುವಾರ ಚರ್ಚು ತಪ್ಪಿಸದವರು. "ನೀನು ಈ ಕೆಲಸ ಹಿಂದೆ ಮಾಡಿಲ್ಲ ಅಲ್ಲವಾ? ಬೇಡ ಅನ್ನಿಸಿದರೆ ಹೇಳು, ಬಲವಂತ ಇಲ್ಲ" ಅಂದರು. ಬರುತ್ತೇನೆ ಅಂದೆ. ಪರದೆ ಎಳೆದು ಅವರು ಮೊದಲು ಮಾಡಿದ್ದು ಕಿಟಕಿ ತೆರೆದದ್ದು. ಯಾರೂ ಬೀಳಬಾರದೆಂದು ಆಸ್ಪತ್ರೆಯ ಕಿಟಕಿಗಳು ನಾಲ್ಕು ಬೆರಳಿಗಿಂತ ಹೆಚ್ಚು ತೆರೆಯದಂತೆ ತಡೆ ಹಾಕಿರುತ್ತಾರೆ. ಅಷ್ಟರಲ್ಲೇ ತಣ್ಣನೆಯ ಗಾಳಿ ಒಳಗೆ ಬಂತು. ಜೀವ ಹೋಗಲು ದಾರಿ ಬಿಡಬೇಕು ಅನ್ನುವ ಈ ಪದ್ಧತಿ ಇಲ್ಲಿಯ ನರ್ಸುಗಳಲ್ಲಿ ಹಿಂದಿನಿಂದ ಬಂದದ್ದಂತೆ. ಯಾವ ಪಠ್ಯದಲ್ಲೂ ಇಲ್ಲ, ಆದರೂ ಮಾಡುತ್ತಾರೆ.

ಆಮೇಲೆ ಸಿಸ್ಟರ್ ಆ ಅಜ್ಜಿಯ ಹೆಸರು ಹಿಡಿದು ಮಾತಾಡಲು ಶುರು ಮಾಡಿದರು. ಈಗ ಮುಖ ಒರೆಸುತ್ತೇವೆ. ಈಗ ನಿಮ್ಮನ್ನು ನನ್ನ ಕಡೆ ಹೊರಳಿಸುತ್ತೇವೆ, ಈ ಹುಡುಗಿ ಹಿಂದಿನಿಂದ ಹಿಡಿದಿದ್ದಾಳೆ. ನೀರು ಬೆಚ್ಚಗಿದೆ. ಬದುಕಿದ್ದ ರೋಗಿಗೆ ಹೇಳುವ ಹಾಗೇ ಹೇಳುತ್ತಿದ್ದರು. ನಡುನಡುವೆ ಮೆಲ್ಲಗೆ ಒಂದು ಪ್ರಾರ್ಥನೆಯ ಹಾಡು ಗುನುಗುತ್ತಿದ್ದರು. ಕಣ್ಣ ರೆಪ್ಪೆ ಮುಚ್ಚಿದೆವು, ಬಾಯಿ ಸ್ವಚ್ಛ ಮಾಡಿ ಹಲ್ಲಿನ ಸೆಟ್ಟು ಕೂರಿಸಿದೆವು, ತಲೆ ಬಾಚಿದೆವು, ಹೊಸ ಗೌನು ತೊಡಿಸಿದೆವು, ಕೈಗೆ ಕಾಲಿಗೆ ಹೆಸರಿನ ಪಟ್ಟಿ ಕಟ್ಟಿದೆವು. ಬೆನ್ನು ಒರೆಸುವಾಗ ನನಗೆ ಮುತ್ಯಾ, ಅಂದರೆ ಅಜ್ಜ, ನೆನಪಾದ. ಅವನು ಲಿಂಗೈಕ್ಯನಾದಾಗ ಮೀಯಿಸಿ, ಹಣೆಗೆ ಎದೆಗೆ ವಿಭೂತಿ ಧರಿಸಿ, ಪಡಸಾಲೆಯ ಗೋಡೆಗೆ ಒರಗಿಸಿ ಪೂಜೆಗೆ ಕೂತವನ ಹಾಗೆ ಕೂಡ್ರಿಸಿದ್ದರು. ರಾತ್ರಿಯೆಲ್ಲ ಭಜನೆ. ಮರುದಿನ ವಿಮಾನ, ಅಂದರೆ ಅಲಂಕರಿಸಿದ ಪಲ್ಲಕ್ಕಿ, ಕಟ್ಟಿ, ಅದರಲ್ಲಿ ಕೂಡ್ರಿಸಿಕೊಂಡೇ ಮೆರವಣಿಗೆ. ಸತ್ತವನ ಮೈ ಹೊಲಸಲ್ಲ, ಲಿಂಗ ಇದ್ದ ಮೈ ಅದು, ಅನ್ನುವ ನಂಬಿಕೆಯನ್ನು ಅಷ್ಟು ಚೆಂದವಾಗಿ ಕಣ್ಣೆದುರು ತೋರಿಸುವ ಆಚರಣೆ ನನಗೆ ಬೇರೆ ಗೊತ್ತಿಲ್ಲ. ಆದರೆ ಕುಣಿಗೆ ಮಣ್ಣು ಎಳೆದು ಬಂದವರೆಲ್ಲ ಹಿತ್ತಲಲ್ಲಿ ಸಾಲಾಗಿ ಮಿಂದರು, ಒಲೆ ಹೊತ್ತಲಿಲ್ಲ, ನಮ್ಮನ್ನು ಯಾರೂ ಮುಟ್ಟಲಿಲ್ಲ. ಕೂಡ್ರಿಸಿದ ಮೈಗೆ ಕೈಮುಗಿದವರೇ ಅದನ್ನು ಮುಟ್ಟಿದ್ದಕ್ಕೆ ಮಿಂದರು.

ಅಂದು ಕೆಲಸ ಮುಗಿದ ಮೇಲೆ ನಾನೂ ಕೈ ತೊಳೆದೆ. ತೊಳೆಯುವಾಗ ಒಂದು ವಿಷಯ ಹೊಳೆದು ಅಲ್ಲೇ ನಿಂತುಬಿಟ್ಟೆ. ಪ್ರತಿ ವಾರ್ಡಿನ ಸಿಂಕಿನ ಮೇಲೂ ವಿಶ್ವ ಆರೋಗ್ಯ ಸಂಸ್ಥೆ ಹೇಳಿದ, ಕೈ ಶುಚಿ ಮಾಡಬೇಕಾದ ಐದು ಸಂದರ್ಭಗಳ ಚಿತ್ರ ಇರುತ್ತದೆ. ರೋಗಿಯನ್ನು ಮುಟ್ಟುವ ಮುಂಚೆ. ಗಾಯ, ಸೂಜಿ, ನಳಿಕೆಯಂಥ ಕೆಲಸಕ್ಕೆ ಮುಂಚೆ. ರಕ್ತ ಮೂತ್ರಾದಿಗಳು ತಗಲಿದ ಮೇಲೆ. ರೋಗಿಯನ್ನು ಮುಟ್ಟಿದ ಮೇಲೆ. ಅವರ ಸುತ್ತಲಿನ ಮಂಚ, ಮೇಜು ಮುಟ್ಟಿದ ಮೇಲೆ. ಇದರಲ್ಲಿ ಮೊದಲ ಎರಡನ್ನು ನೋಡಿ. ಅಲ್ಲಿ ಕೈ ತೊಳೆಯುವುದು ನನ್ನಿಂದ ರೋಗಿಗೆ ಏನೂ ಆಗಬಾರದು ಅಂತ. ಮೈಲಿಗೆ ನಾನು ಹೊತ್ತು ತಂದಿರಬಹುದು, ಎದುರಿಗಿನವರನ್ನು ನನ್ನಿಂದ ಕಾಪಾಡಬೇಕು. ಊರಿನ ಸೂತಕದಲ್ಲಿ ಈ ದಿಕ್ಕಿನ ಯೋಚನೆಯನ್ನೇ ನಾನು ಕಂಡಿರಲಿಲ್ಲ. ಅಲ್ಲಿ ಯಾವಾಗಲೂ ಬೇರೆಯವರಿಂದ ನನಗೆ ಅಂಟುತ್ತದೆ, ನಾನು ಮೀಯಬೇಕು, ನಾನು ಶುದ್ಧನಾಗಬೇಕು. ರೋಗಾಣುವಿಗೆ ಜಾತಿ ಗೊತ್ತಿಲ್ಲ, ಸೋಪಿಗೂ ಗೊತ್ತಿಲ್ಲ. ಆ ನಸುಕಿನಲ್ಲಿ ಕೈ ತೊಳೆದು, ಸಿಸ್ಟರ್ ಮಾಡಿಕೊಟ್ಟ ಚಹಾ ಕುಡಿದು, ಮುಂದಿನ ರೋಗಿಯ ಬಿಪಿ ನೋಡಲು ಹೋದೆ. ರೂಮಿಗೆ ಬಂದ ಮೇಲೂ ತಲೆಗೆ ನೀರು ಹಾಕಿಕೊಳ್ಳಬೇಕು ಅನ್ನಿಸಲಿಲ್ಲ. ಎಂದಿನ ಹಾಗೆ ಎಡ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಕೂತೆ. ಬಹಳ ದಿನಗಳ ಮೇಲೆ ಮನಸ್ಸು ಅಲ್ಲಿ ನಿಂತಿತು.

ಕೆಂಪು ಟ್ರೇ

ಇಲ್ಲಿಯ ಬಹಳಷ್ಟು ಆಸ್ಪತ್ರೆಗಳಲ್ಲಿ ಊಟದ ಹೊತ್ತಿಗೆ ಕೆಲವರಿಗೆ ಮಾತ್ರ ಕೆಂಪು ಟ್ರೇಯಲ್ಲಿ ಊಟ ಬರುತ್ತದೆ. ಇವರಿಗೆ ತಾವಾಗಿ ತಿನ್ನಲು ಆಗದು, ಯಾರಾದರೂ ಕೂತು ತಿನ್ನಿಸಿ, ಅನ್ನುವುದಕ್ಕೆ ಅದು ಗುರುತು. ಲಕ್ವ ಹೊಡೆದು ನುಂಗುವ ಶಕ್ತಿ ಕುಂದಿದವರಿಗೆ ನೀರನ್ನೂ ಪುಡಿ ಹಾಕಿ ಗಟ್ಟಿ ಮಾಡಿ ಕೊಡಬೇಕು, ಇಲ್ಲದಿದ್ದರೆ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದು. ಒಂದು ಚಮಚ, ಕಾಯುವುದು, ಗಂಟಲು ಏರಿಳಿದದ್ದು ನೋಡುವುದು, ಕೆನ್ನೆಯೊಳಗೆ ಉಳಿದಿದೆಯೇ ಅಂತ ನೋಡುವುದು, ಮತ್ತೆ ಒಂದು ಚಮಚ. ಕೊನೆಗೆ ಮೆತ್ತನೆಯ ಬ್ರಷ್‌ನಿಂದ ಬಾಯಿ ಸ್ವಚ್ಛ ಮಾಡಬೇಕು. ಜೊಲ್ಲು, ಎಂಜಲು, ಅರ್ಧ ನುಂಗಿದ್ದು, ಎಲ್ಲ ಕೈಮೇಲೆ. ಒಬ್ಬ ಮುದುಕರು ನಾನು ತಿನ್ನಿಸುವಾಗಲೆಲ್ಲ ಸರಿಯಿದ್ದ ಕೈಯಿಂದ ನನ್ನ ಮೊಣಕೈ ಹಿಡಿದುಕೊಳ್ಳುತ್ತಿದ್ದರು. ಮಾತು ಹೋಗಿತ್ತು ಅವರಿಗೆ. ದಾಸೋಹ ಅಂದರೆ ಮಠದಲ್ಲಿ ಪಂಕ್ತಿಗೆ ಬಡಿಸುವುದು ಅಂತಷ್ಟೇ ತಿಳಿದಿದ್ದ ನನಗೆ ಅದರ ಕಷ್ಟದ ಭಾಗ ಅರ್ಥವಾದದ್ದು ಅಲ್ಲಿ. ಬಡಿಸುವುದು ಸುಲಭ. ಉಣ್ಣುವವರ ವೇಗಕ್ಕೆ ನನ್ನ ವೇಗ ಇಳಿಸುವುದು, ಉಳಿದ ಆರು ರೋಗಿಗಳ ಚಿಂತೆಯನ್ನು ಅಷ್ಟು ಹೊತ್ತು ಪಕ್ಕಕ್ಕಿಡುವುದು ನನಗೆ ವರ್ಷಗಟ್ಟಲೆ ಕಲಿತರೂ ಪೂರ್ತಿ ಬಂದಿಲ್ಲ.

ಜನನದ ಬಗ್ಗೆ ಹೇಳಲು ನನ್ನ ಹತ್ತಿರ ಹೆಚ್ಚಿಲ್ಲ. ಇಲ್ಲಿ ಹೆರಿಗೆಯ ಓದೇ ಬೇರೆ, ನಮಗೆ ಸಿಕ್ಕದ್ದು ಕೆಲವು ದಿನ ನೋಡುವ ಅವಕಾಶವಷ್ಟೇ. ರಜಸ್ಸಿನದು ಮಾತ್ರ ನನ್ನ ಸ್ವಂತದ ವಿಷಯ. ಇಲ್ಲಿಯ ನನ್ನ ಕೋಣೆಯಲ್ಲಿ ಬೇಡ ಅನ್ನಲು ಅವ್ವ ಇಲ್ಲ. ಮುಟ್ಟಾದ ದಿನವೂ ಲಿಂಗಪೂಜೆ ಮಾಡಿದೆ. ಮೊದಲ ಸಲ ಎದೆ ಢವಗುಟ್ಟಿತು ನಿಜ. ಆದರೆ ಆ ದಿನಗಳಲ್ಲೂ ಲಿಂಗ ಮೈಮೇಲೇ ಇರುತ್ತದೆ, ತೆಗೆ ಅಂತ ಅವ್ವ ಕೂಡ ಎಂದೂ ಹೇಳಿಲ್ಲ. ಎದೆಯ ಮೇಲೆ ಇರಬಹುದಾದದ್ದು ಅಂಗೈಗೆ ಬರಬಾರದು ಅನ್ನಲು ಯಾವ ಕಾರಣವೂ ನನಗೆ ಸಿಗಲಿಲ್ಲ.

ಥೇಮ್ಸ್ ದಂಡೆಯಲ್ಲಿ

ಲಂಡನ್ನಿಗೆ ಹೋದವರೆಲ್ಲ ಬಸವಣ್ಣನ ಮೂರ್ತಿಯ ಮುಂದೆ ಫೋಟೋ ತೆಗೆಸಿಕೊಳ್ಳುತ್ತಾರೆ. ಲ್ಯಾಂಬೆತ್‌ನ ಮೇಯರ್ ಆಗಿದ್ದ, ಕಲಬುರಗಿ ಮೂಲದ ವೈದ್ಯ ಡಾ. ನೀರಜ್ ಪಾಟೀಲರ ಪ್ರಯತ್ನದಿಂದ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನ ಉದ್ಯಾನದಲ್ಲಿ ನಿಂತ ಆ ಮೂರ್ತಿಯನ್ನು 14 ನವೆಂಬರ್ 2015ರಂದು ಪ್ರಧಾನಿ ಮೋದಿ ಅನಾವರಣ ಮಾಡಿದರು. ನಾನು ಅಲ್ಲಿಗೆ ವೆಸ್ಟ್‌ಮಿನ್‌ಸ್ಟರ್ ಸೇತುವೆಯ ಕಡೆಯಿಂದ ನಡೆದು ಹೋದೆ. ಹಾಗೆ ಹೋದರೆ ದಾರಿಯಲ್ಲಿ ಸೇಂಟ್ ಥಾಮಸ್ ಆಸ್ಪತ್ರೆ ಸಿಗುತ್ತದೆ. 1860ರಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಹೆಸರಿನ ನರ್ಸಿಂಗ್ ಶಾಲೆ ಶುರುವಾದದ್ದು ಆ ಆಸ್ಪತ್ರೆಯಲ್ಲೇ. ಈಗಿನ ಜಾಗಕ್ಕೆ ಆಸ್ಪತ್ರೆ ಬಂದದ್ದು 1871ರಲ್ಲಿ. ಅಂಗಳದಲ್ಲಿ ಅವಳ ಮ್ಯೂಸಿಯಂ ಇದೆ, ಜಮೈಕಾದ ನರ್ಸ್ ಮೇರಿ ಸೀಕೋಲ್ ಅವರ ಪ್ರತಿಮೆ ಇದೆ. ಆಸ್ಪತ್ರೆಯ ಹೊರಗೋಡೆಗೆ, ನದಿಯ ಉದ್ದಕ್ಕೂ ಕೋವಿಡ್‌ನಲ್ಲಿ ಹೋದವರಿಗಾಗಿ 2021ರ ಮಾರ್ಚ್‌ನಿಂದ ಬಿಡಿಸಿದ ಕೆಂಪು ಹೃದಯಗಳು, ಒಂದೊಂದು ಜೀವಕ್ಕೆ ಒಂದೊಂದು. ಮೊದಲ ಅಲೆಯಲ್ಲಿ ತೀರಿಕೊಂಡ ಆಸ್ಪತ್ರೆ ಸಿಬ್ಬಂದಿಯಲ್ಲಿ ಕಪ್ಪು ಮತ್ತು ಏಷ್ಯಾ ಮೂಲದವರ ಪಾಲು ಬಹಳ ದೊಡ್ಡದಿತ್ತು. ಗೋಡೆ ಮುಗಿದ ಮೇಲೆ ಲ್ಯಾಂಬೆತ್ ಸೇತುವೆ ಏರದೆ, ಅದೇ ದಂಡೆಯಲ್ಲಿ ಇನ್ನಷ್ಟು ನಡೆದರೆ ಬಸವಣ್ಣ.

ನೈಟಿಂಗೇಲಳ ಕಥೆಯನ್ನು ದೀಪ ಹಿಡಿದ ಚಿತ್ರದಾಚೆಗೆ ನಾನು ಓದಿದ್ದು ಇಲ್ಲಿ ಬಂದ ಮೇಲೆ. ಶ್ರೀಮಂತರ ಮನೆಯ ಮಗಳು. 1837ರಲ್ಲಿ, ಹದಿನಾರರ ವಯಸ್ಸಿನಲ್ಲಿ, ದೇವರು ತನ್ನನ್ನು ಸೇವೆಗೆ ಕರೆದ ಅಂತ ಬರೆದಿಟ್ಟುಕೊಂಡಳು. ಆಸ್ಪತ್ರೆಯ ಕೆಲಸ ಮರ್ಯಾದಸ್ಥರದಲ್ಲ ಅಂತ ಮನೆಯವರು ವರ್ಷಗಟ್ಟಲೆ ತಡೆದರು. ಜರ್ಮನಿಯ ಕೈಸರ್ಸ್‌ವರ್ತ್‌ನ ಕ್ರೈಸ್ತ ಸೇವಾಸಂಸ್ಥೆಗೆ ತರಬೇತಿಗೆ ಹೋಗಲು ಸಾಧ್ಯವಾದದ್ದು 1851ರಲ್ಲಿ, ಆಗ ಅವಳಿಗೆ ಮೂವತ್ತೊಂದು. ಅಂದರೆ ಈ ದೇಶದಲ್ಲೂ ಒಬ್ಬ ದೊಡ್ಡಪ್ಪ ಇದ್ದ. ಅದೇ ದಂಡೆಯಲ್ಲಿ ಹನ್ನೆರಡನೆಯ ಶತಮಾನದ ಬಸವಣ್ಣನೂ ನಿಂತಿದ್ದಾನೆ. ಬೀದಿ ಗುಡಿಸುವ ಸತ್ಯಕ್ಕ, ಬಟ್ಟೆ ಒಗೆಯುವ ಮಡಿವಾಳ ಮಾಚಯ್ಯ, ಔಷಧ ಕೊಡುವ ವೈದ್ಯ ಸಂಗಣ್ಣ, ಇವರನ್ನೆಲ್ಲ ಒಂದೇ ಅಂಗಳದಲ್ಲಿ ಕೂಡ್ರಿಸಿದ ಕಾಲದವನು. ಮೂರ್ತಿಯ ಮುಂದೆ ನಿಂತಾಗ ನನಗೆ ಹೆಮ್ಮೆ ಆಯಿತು, ಜೊತೆಗೆ ಸಿಟ್ಟೂ ಬಂತು. ಅವನನ್ನು ಥೇಮ್ಸ್‌ವರೆಗೆ ತಂದಿದ್ದೇವೆ, ನಮ್ಮ ಹಿತ್ತಲಿಗೆ ಇನ್ನೂ ಬಿಟ್ಟುಕೊಂಡಿಲ್ಲ.

ಬೇಡವಾದ ಕೈ

ಕೊನೆಯ ವರ್ಷ, ಇನ್ನೊಂದು ವಾರ್ಡು. ಶಸ್ತ್ರಚಿಕಿತ್ಸೆ ಆಗಿ ಎರಡು ದಿನವಾಗಿದ್ದ ಒಬ್ಬರ ಗಾಯದ ಪಟ್ಟಿ ಬದಲಿಸಲು ಟ್ರಾಲಿ ತಳ್ಳಿಕೊಂಡು ಹೋದೆ. ಅವರು ನನ್ನ ಕೈ ನೋಡಿದರು, ಮುಖ ನೋಡಿದರು. "ನೀನು ಮುಟ್ಟಬೇಡ. ನಮ್ಮವರು ಯಾರಾದರೂ ಇದ್ದರೆ ಕಳಿಸು" ಅಂದರು. ಗೊಂದಲದ ಮಾತಲ್ಲ ಅದು. ತಲೆ ಸರಿಯಿದ್ದವರು, ನೆಟ್ಟಗೆ ಹೇಳಿದರು. ಕೈಗವಸು ತೊಟ್ಟ ಕೈ ಗಾಳಿಯಲ್ಲೇ ನಿಂತಿತು. ವಾರ್ಡಿನ ಮುಖ್ಯಸ್ಥೆ ಬಂದರು. ಈಕೆ ಈ ಕೆಲಸದಲ್ಲಿ ನುರಿತವಳು, ಚರ್ಮದ ಬಣ್ಣ ನೋಡಿ ನರ್ಸನ್ನು ಆರಿಸುವ ಪದ್ಧತಿ ಇಲ್ಲಿಲ್ಲ, ಅಂತ ದನಿ ಏರಿಸದೆ ಹೇಳಿದರು. ನನ್ನನ್ನು ಕರೆದುಕೊಂಡು ಹೋಗಿ ಕೂಡ್ರಿಸಿದರು, ಘಟನೆಯನ್ನು ದಾಖಲಿಸಿದರು, ಸಂಜೆ ಮತ್ತೆ ವಿಚಾರಿಸಿದರು.

ಮನೆಗೆ ಬಂದು ಅತ್ತೆ. ಅಳುವಾಗ ನನ್ನ ಕಣ್ಣೆದುರು ಬಂದದ್ದು ಆ ರೋಗಿಯ ಮುಖ ಅಲ್ಲ, ಅಂಗಳದಾಚೆ ಕುಕ್ಕುರುಗಾಲಲ್ಲಿ ಕೂತು ಬೊಗಸೆ ಒಡ್ಡಿದ ಹೆಂಗಸು. ಮೇಲಿನಿಂದ ಬೀಳುವ ನೀರು ಅವಳ ಮೊಣಕೈವರೆಗೆ ಇಳಿದು ಸೀರೆ ತೋಯುತ್ತಿತ್ತು. ಕುಡಿದು, ಬಾಯಿ ಒರೆಸಿಕೊಂಡು, "ಸಾಕ್ರೀ ಅಮ್ಮಾರ" ಅಂತಿದ್ದಳು. ನಮ್ಮ ದನಗಳಿಗೆ ಅವಳ ಕೈ ಆಗುತ್ತಿತ್ತು, ನಮ್ಮ ಹೆಂಡಿಗೆ ಆಗುತ್ತಿತ್ತು. ನಮ್ಮ ಲೋಟಕ್ಕೆ ಆಗುತ್ತಿರಲಿಲ್ಲ. ನನಗೆ ಒಂದು ಮಧ್ಯಾಹ್ನ ಆದದ್ದು ಅವಳಿಗೆ ಹುಟ್ಟಿದಾಗಿನಿಂದ ಆಗಿತ್ತು, ಅವಳ ಅವ್ವನಿಗೆ ಆಗಿತ್ತು. ನನಗೆ ಮುಖ್ಯಸ್ಥೆ ಇದ್ದರು, ದಾಖಲೆಯ ಪುಸ್ತಕ ಇತ್ತು, ಸಂಜೆ ವಿಚಾರಿಸುವವರಿದ್ದರು. ಅವಳ ಪರವಾಗಿ ಮಾತಾಡಲು ನಮ್ಮ ಮನೆಯಲ್ಲೇ ಐದು ಸೂತಕಗಳ ನಿರಾಕರಣೆ ಇತ್ತು. ಅದು ವೇದಿಕೆಯ ಮೇಲೆ ಮಾತ್ರ ಬಾಯಿ ಬಿಡುತ್ತಿತ್ತು.

ನಂಬಿಕೆ ಬಿಟ್ಟುಹೋಗಬೇಕಾದದ್ದು ಇಂಥ ಹೊತ್ತಿನಲ್ಲಿ ಅಂತ ಗೆಳತಿಯರು ಹೇಳುತ್ತಾರೆ. ನನಗೆ ಹಾಗಾಗಲಿಲ್ಲ. ಹೇಳಿದ್ದು ತಪ್ಪಾಗಿದ್ದರೆ ಬಿಟ್ಟುಬಿಡುತ್ತಿದ್ದೆ. ಹೇಳಿದ್ದು ಸರಿಯಿತ್ತು, ನಡೆದದ್ದು ಸರಿಯಿರಲಿಲ್ಲ. ಸರಿಯಿದ್ದ ಮಾತನ್ನು ನಾನೇಕೆ ಬಿಡಲಿ? ಘಾನಾದ ಆ ಸಿಸ್ಟರ್ ಯೇಸುವಿನ ಹೆಸರಲ್ಲಿ ಮಾಡುವುದನ್ನು ನಾನು ಲಿಂಗ ಎದೆಗಿಟ್ಟುಕೊಂಡು ಮಾಡುತ್ತೇನೆ. ನಮ್ಮಿಬ್ಬರ ಕೈ ಒಂದೇ ನೀರಿನಲ್ಲಿ ಅದ್ದಿದಾಗ ಧರ್ಮದ ಚರ್ಚೆ ಬೇಕಾಗಲಿಲ್ಲ.

ಒಂದು ಹಾಳೆ

ಆಸ್ಪತ್ರೆಯ ಚಾಪ್ಲೆನ್ ವಿಭಾಗ, ಅಂದರೆ ರೋಗಿಗಳ ಧಾರ್ಮಿಕ ಅಗತ್ಯ ನೋಡಿಕೊಳ್ಳುವವರು, ಬೇರೆ ಬೇರೆ ಧರ್ಮದವರ ಸಾವಿನ ಹೊತ್ತಿನ ಆಚರಣೆ ಬಗ್ಗೆ ವಾರ್ಡುಗಳಿಗೆ ಒಂದು ಕಡತ ಇಟ್ಟಿದ್ದಾರೆ. ಮುಸ್ಲಿಮರಲ್ಲಿ ಗಂಡಸರನ್ನು ಗಂಡಸರು, ಹೆಂಗಸರನ್ನು ಹೆಂಗಸರು ಮೀಯಿಸುವುದು, ಯಹೂದಿಗಳಲ್ಲಿ ಅವರದೇ ಸಮುದಾಯದವರು ಬಂದು ಆ ಕೆಲಸ ಮಾಡುವುದು, ಹೀಗೆ. ಲಿಂಗಾಯತರ ಹಾಳೆ ಅದರಲ್ಲಿ ಇರಲಿಲ್ಲ. ಬರೆದುಕೊಡುತ್ತೀಯಾ ಅಂತ ಕೇಳಿದರು. ಬರೆದೆ. ಮೈಮೇಲಿನ ಲಿಂಗವನ್ನು ಯಾವ ಕಾರಣಕ್ಕೂ ತೆಗೆಯಬೇಡಿ, ಆಸ್ತಿಪಾಸ್ತಿಯ ಲಕೋಟೆಗೆ ಹಾಕಬೇಡಿ. ಕುಟುಂಬ ವಿಭೂತಿ ಹಚ್ಚಲು ಬಯಸಬಹುದು. ಸುಡುವುದಿಲ್ಲ, ಹೂಳುತ್ತಾರೆ. ಕೂತ ಭಂಗಿಯಲ್ಲಿ ಹೂಳುವುದು ರೂಢಿ. ಸಾವಿನ ಕೆಲವೇ ಗಂಟೆಗಳಲ್ಲಿ ಮೈ ಸೆಟೆಯಲು ಶುರುವಾಗುವುದರಿಂದ ಈ ವಿಷಯ ಕುಟುಂಬದ ಹತ್ತಿರ ಬೇಗ ಕೇಳಿ, ಏನು ಸಾಧ್ಯ ಏನು ಆಗದು ಅನ್ನುವುದನ್ನು ಬಿಚ್ಚಿ ಹೇಳಿ.

ಕೊನೆಯ ಸಾಲಿನಲ್ಲಿ ಒಂದು ಪ್ರಶ್ನೆ: ದೇಹವನ್ನು ಯಾರು ಮುಟ್ಟಬಹುದು? ಯಾರಾದರೂ, ಅಂತ ಬರೆದೆ. ಕಳಿಸುವ ಮುಂಚೆ ಊರಿಗೆ ಫೋನ್ ಹಚ್ಚಿ ಇಡೀ ಹಾಳೆಯನ್ನು ಕನ್ನಡದಲ್ಲಿ ಓದಿ ಹೇಳಿದೆ. ಅವ್ವ ಅಲ್ಲೇ ತಡೆದಳು.

"ಯಾರಾದ್ರೂ ಅಂದ್ರ ಹ್ಯಾಂಗವಾ? ಎಲ್ಲಾರೂನೂ?"

"ಹೌದವ್ವಾ, ಎಲ್ಲಾರೂ."

ಆಯಿ ಹತ್ತಿರ ಬಂದು ಕೇಳಿದಳು: "ಹೆಂಡಿಕಸದಾಕೀನೂ?"

"ಆಕೀನೂ, ಆಯಿ."

ಬಹಳ ಹೊತ್ತು ಏನೂ ಅನ್ನಲಿಲ್ಲ ಆಯಿ. ಆಮೇಲೆ, "ಆಕಿಗಿ ನಾ ಒಂದ್ ದಿನಾನೂ ಲೋಟಾದಾಗ ನೀರು ಕೊಡ್ಲಿಲ್ಲ ನೋಡವಾ" ಅಂದಳು. ಅವ್ವ ನಡುವೆ ಬಾಯಿ ಹಾಕಿ, ಅದೆಲ್ಲ ಆಗಿನ ಕಾಲದ್ದು, ಈಗ್ಯಾಕ ಆ ಮಾತು, ಅಂತ ಶುರು ಮಾಡಿದಳು. ಆಯಿ ಅವಳಿಗೆ ಎದುರು ಮಾತಾಡಿದಳು. ಫೋನ್ ಸ್ಪೀಕರಿನಲ್ಲಿತ್ತು, ಇಬ್ಬರ ವಾದವೂ ಕೇಳುತ್ತಿತ್ತು, ನಾನು ನಡುವೆ ಹೋಗಲಿಲ್ಲ. ಆ ವಾದ ನಮ್ಮ ಮನೆಯಲ್ಲಿ ಇನ್ನೂ ನಡೆದಿದೆ. ಹಾಳೆಯನ್ನು ಬರೆದ ಹಾಗೇ ಕಳಿಸಿದೆ. ಕಡತಕ್ಕೆ ಸೇರಿದೆ.